ವರ್ಡ್ ಫೈಲಿನಿಂದ ಚೊಕ್ಕ ಎಚ್‌ಟಿಎಂಎಲ್: ನುಡಿ, ಯುನಿಕೋಡ್, ತುಳು ಎಲ್ಲ ಬೆರೆತ ಸ್ಮರಣ ಸಂಚಿಕೆ

ಅಜ್ಜರಕಾಡು_ಓದುಗ

ದೇವಸ್ಥಾನದ ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆಯನ್ನು ಎಚ್‌ಟಿಎಂಎಲ್ (ಜಾಲಪುಟ ಬರೆಯುವ ಟ್ಯಾಗುಗಳ ಭಾಷೆ) ಆಗಿಸಿ ಜಾಲತಾಣಕ್ಕೆ ಹಾಕಬೇಕಾಗಿದೆ. ಪುಸ್ತಕ ಅಚ್ಚಾಗಿದೆ, ಲೇಖನಗಳ ಫೈಲುಗಳು ಕೈಯಲ್ಲಿವೆ. ಕೆಲವು ಹಳೆಯ ಡಾಕ್, ಹೆಚ್ಚಿನವು ಡಾಕ್‌ಎಕ್ಸ್, ಒಂದಷ್ಟು ಗೂಗಲ್ ಡಾಕ್ಸ್ ಕೊಂಡಿಗಳು. ಅರ್ಧಕ್ಕರ್ಧ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಆದದ್ದು, ಉಳಿದದ್ದು ಯುನಿಕೋಡ್ (ಪ್ರತಿ ಅಕ್ಷರಕ್ಕೂ ಎಲ್ಲ ಗಣಕಗಳಲ್ಲಿ ಒಂದೇ ಸಂಖ್ಯೆ ಇರುವ ಪದ್ಧತಿ). ನಡುವೆ ತುಳು ಲೇಖನಗಳು, ಯಕ್ಷಗಾನ ಪದ್ಯಗಳು, ಸೇವೆಗಳ ದರಪಟ್ಟಿ ಎಲ್ಲ ಉಂಟು.

ವರ್ಡ್‌ನಲ್ಲಿ ‘ವೆಬ್ ಪೇಜ್’ ಎಂದು ಸೇವ್ ಮಾಡಿದರೆ ಎರಡು ಪುಟದ ಲೇಖನಕ್ಕೆ ಲೇಖನಕ್ಕಿಂತ ಉದ್ದದ ಸ್ಟೈಲ್ ಬರುತ್ತದೆ. ಬೇಕಾದದ್ದು ಶೀರ್ಷಿಕೆ, ಪ್ಯಾರಾ, ಪಟ್ಟಿ, ಟೇಬಲ್, ಚಿತ್ರ, ಅಡಿಟಿಪ್ಪಣಿ ಇಷ್ಟೇ. ಫಾಂಟು, ಬಣ್ಣ, ಅಂಚು ತಾಣದ ಸಿಎಸ್‌ಎಸ್ (ಪುಟದ ರೂಪ ಹೇಳುವ ನಿಯಮಗಳು) ನೋಡಿಕೊಳ್ಳುತ್ತದೆ. ಯಾವ ದಾರಿ ಹಿಡಿಯುವುದು?

ಕಾರ್‌ಸ್ಟ್ರೀಟ್_ಡಿಟಿಪಿ

ಸ್ಮರಣ ಸಂಚಿಕೆ ಇಲ್ಲದ ಕಾರ್ಯಕ್ರಮ ನಮ್ಮ ಎರಡು ಜಿಲ್ಲೆಯಲ್ಲಿ ಎಲ್ಲಿ ಉಂಟು ಮಾರಾಯ್ರೆ! ಎಚ್‌ಟಿಎಂಎಲ್ ಮಾತು ಆಮೇಲೆ. ಮೊದಲು ನುಡಿ ಫೈಲುಗಳನ್ನು ಬೇರೆ ಫೋಲ್ಡರಿಗೆ ಹಾಕಿ.

ನುಡಿ 01 ಇ, ಬರಹದ ಬಿಆರ್‌ಎಚ್ ಕನ್ನಡ, ಇಂಥ ಹಳೆಯ ಫಾಂಟುಗಳಲ್ಲಿ ಟೈಪ್ ಆದ ಫೈಲಿನೊಳಗೆ ಕನ್ನಡ ಇಲ್ಲ. ಇರುವುದು ಇಂಗ್ಲಿಷ್ ಅಕ್ಷರಗಳು ಮತ್ತು ಚುಕ್ಕಿ, ಗೀಟು ಹೊತ್ತ ಯುರೋಪಿನ ಅಕ್ಷರಗಳು. ಫಾಂಟ್ ಅವಕ್ಕೆ ಕನ್ನಡದ ರೂಪ ತೊಡಿಸುತ್ತದೆ ಅಷ್ಟೆ. ಹಾಗಾಗಿ ‘ಮೊದಲು ಫಾರ್ಮ್ಯಾಟಿಂಗ್ ತೆಗೆಯುವಾ’ ಅಂತ ಎಲ್ಲ ಆಯ್ಕೆ ಮಾಡಿ ಕಂಟ್ರೋಲ್-ಸ್ಪೇಸ್ ಒತ್ತಿದರೆ ದೊಡ್ಡ ನಷ್ಟ. ಲೇಖನದ ನಡುವೆ ನಿಜವಾದ ಇಂಗ್ಲಿಷ್ ಪದ ಇದ್ದರೆ, ಯಾವುದು ನುಡಿ, ಯಾವುದು ಇಂಗ್ಲಿಷ್ ಎನ್ನುವುದಕ್ಕೆ ಫಾಂಟಿನ ಹೆಸರು ಬಿಟ್ಟು ಬೇರೆ ಸಾಕ್ಷಿ ಇರುವುದಿಲ್ಲ. ಬಾಸೆಲ್ ಮಿಷನ್ ಬಗ್ಗೆ ಲೇಖನ ಇದ್ದರೆ ಇನ್ನೂ ಕಷ್ಟ. ಹರ್ಮನ್ ಮೊಗ್ಲಿಂಗ್ ಹೆಸರನ್ನು ಜರ್ಮನ್ ರೀತಿಯಲ್ಲಿ ಬರೆದಿದ್ದರೆ ಅದರಲ್ಲಿ ಓ ಮೇಲೆ ಎರಡು ಚುಕ್ಕಿ ಇರುತ್ತದೆ. ಪರಿವರ್ತಕ ಅದನ್ನೂ, ಪಕ್ಕದ ಅಕ್ಷರಗಳನ್ನೂ ಕನ್ನಡದ ತುಂಡುಗಳೆಂದೇ ತಿಳಿದು ಏನೋ ಒಂದು ಮಾಡಿ ಇಡುತ್ತದೆ.

ಆದ್ದರಿಂದ ಫಾಂಟ್ ಹೆಸರು ಉಳಿದಿರುವಾಗಲೇ ಯುನಿಕೋಡಿಗೆ ತನ್ನಿ, ಆಮೇಲೆ ಫಾಂಟ್ ತೆಗೆಯಿರಿ. ಬೆರಕೆ ಇಲ್ಲದ ಲೇಖನಕ್ಕೆ ನುಡಿ ಅಥವಾ ಬರಹದ ಪರಿವರ್ತಕ ಸಾಕು. ಬೆರಕೆ ಇದ್ದರೆ ಪೈಥಾನ್-ಡಾಕ್‌ಎಕ್ಸ್ (ಡಾಕ್‌ಎಕ್ಸ್ ಓದಿ ತಿದ್ದುವ ಪೈಥಾನ್ ಸಲಕರಣೆ) ಹಿಡಿದು ರನ್ ರನ್ ಆಗಿ (ರನ್ ಎಂದರೆ ಒಂದೇ ಫಾರ್ಮ್ಯಾಟಿಂಗ್ ಇರುವ ಪಠ್ಯದ ತುಂಡು) ನೋಡಬೇಕು, ಫಾಂಟ್ ಹೆಸರು ನುಡಿ ಅಥವಾ ಬಿಆರ್‌ಎಚ್ ಎಂದು ಶುರುವಾದರೆ ಮಾತ್ರ ಪರಿವರ್ತಿಸಬೇಕು. ಅದರಲ್ಲಿ ಎರಡು ತೊಡಕು:

ಒಂದು, ರನ್‌ನ ಮೇಲೆ ಫಾಂಟ್ ಹೆಸರು ನೇರ ಬರೆದಿರದೆ ಪ್ಯಾರಾ ಸ್ಟೈಲಿನಿಂದ ಬಂದಿರಬಹುದು. ಆಗ ಪೈಥಾನ್-ಡಾಕ್‌ಎಕ್ಸ್ ‘ನನ್’ (ಏನೂ ಇಲ್ಲ) ಎನ್ನುತ್ತದೆ. ಸ್ಟೈಲ್, ಅದರ ತಾಯಿ ಸ್ಟೈಲ್, ಕೊನೆಗೆ ಡಾಕ್ಯುಮೆಂಟ್ ಡೀಫಾಲ್ಟ್ ತನಕ ಹುಡುಕಬೇಕು.

ಇನ್ನೊಂದು, ಅರ್ಕಾವತ್ತು. ಹಳೆಯ ಫಾಂಟಿನಲ್ಲಿ ಅದು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ ಅಕ್ಷರದ ನಂತರ ಕೂತಿರುತ್ತದೆ. ಯುನಿಕೋಡಿನಲ್ಲಿ ‘ರ್’ ಮೊದಲು. ‘ಕಾರ್ಕಳ’ದ ಎರಡನೇ ‘ಕ’ ಒಂದು ರನ್‌ನಲ್ಲೂ ಅರ್ಕಾವತ್ತು ಮುಂದಿನ ರನ್‌ನಲ್ಲೂ ಇದ್ದರೆ ಅದನ್ನು ಹಿಂದಕ್ಕೆ ಒಯ್ಯಲು ಪರಿವರ್ತಕಕ್ಕೆ ದಾರಿಯೇ ಇಲ್ಲ. ಒಂದೇ ಫಾಂಟಿನ ಅಕ್ಕಪಕ್ಕದ ರನ್‌ಗಳನ್ನು ಮೊದಲು ಕೂಡಿಸಿ, ಆಮೇಲೆ ಪರಿವರ್ತಿಸಿ.

ಶ್ರೀಲಿಪಿ, ಆಕೃತಿ ಎಂಬ ಬೇರೆ ಕನ್ನಡ ತಂತ್ರಾಂಶಗಳಲ್ಲಿ ಮಾಡಿದ ಪೇಜ್‌ಮೇಕರ್ ಪುಟಗಳಿಂದ ನಕಲು ಮಾಡಿದ ಪಠ್ಯ ಇದ್ದರೆ ಅದನ್ನು ನುಡಿಯ ಪರಿವರ್ತಕಕ್ಕೆ ಹಾಕಬೇಡಿ. ಅವುಗಳ ಅಕ್ಷರ ಜೋಡಣೆಯೇ ಬೇರೆ, ಅವಕ್ಕೆ ಅವುಗಳದೇ ಕೋಷ್ಟಕ ಬೇಕು.

ಮಣಿಪಾಲ_ಟರ್ಮಿನಲ್

ಮೇಲಿನದ್ದು ಮುಗಿದಿದೆ ಅಂತ ಇಟ್ಟುಕೊಂಡು ಮುಂದಿನದ್ದು ಹೇಳುತ್ತೇನೆ.

‘ವೆಬ್ ಪೇಜ್’ ಎಂದು ಸೇವ್ ಮಾಡಿದಾಗ ಅಷ್ಟು ಕಸ ಬರಲು ಕಾರಣ ಉಂಟು. ಆ ಫೈಲನ್ನು ಮತ್ತೆ ವರ್ಡ್‌ನಲ್ಲಿ ತೆರೆದರೆ ಒಂದೂ ಸೆಟ್ಟಿಂಗ್ ಕಳೆದುಹೋಗಬಾರದು ಎಂದು ವರ್ಡ್ ತನ್ನ ಎಲ್ಲ ಲೆಕ್ಕಪತ್ರವನ್ನೂ ಒಳಗೆ ಇಡುತ್ತದೆ: ಎಂಎಸ್‌ಒ ಎಂದು ಶುರುವಾಗುವ ಸ್ಟೈಲುಗಳು, ಓ-ಪಿ ಟ್ಯಾಗು, ಷರತ್ತಿನ ಕಾಮೆಂಟು, ಬಳಸದ ಸ್ಟೈಲುಗಳ ಪಟ್ಟಿ. ಬ್ರೌಸರಿಗೆ ಇದರಲ್ಲಿ ಯಾವುದೂ ಬೇಡ. ಹಾಗಾಗಿ ಅದನ್ನು ತೊಳೆಯುವುದಕ್ಕಿಂತ ವರ್ಡ್‌ನ ಎಚ್‌ಟಿಎಂಎಲ್ ಅನ್ನೇ ಬಿಟ್ಟು, ಡಾಕ್‌ಎಕ್ಸ್‌ನಿಂದ ನೇರ ತೆಗೆಯುವುದು ಒಳ್ಳೆಯದು.

ಡಾಕ್‌ಎಕ್ಸ್ ಅಂದರೆ ಜಿಪ್ ಫೈಲು. ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಿಸಿ ತೆರೆದರೆ ಒಳಗೆ ಪಠ್ಯದ ಎಕ್ಸ್‌ಎಂಎಲ್, ಸ್ಟೈಲುಗಳ ಎಕ್ಸ್‌ಎಂಎಲ್, ಅಡಿಟಿಪ್ಪಣಿಯದ್ದು, ‘ಮೀಡಿಯಾ’ ಫೋಲ್ಡರಿನಲ್ಲಿ ಚಿತ್ರಗಳು ಬೇರೆ ಬೇರೆ ಸಿಗುತ್ತವೆ. ಪ್ಯಾಂಡಾಕ್ ಎಂಬ ಕಡತ ಪರಿವರ್ತಕ ಇದನ್ನು ಓದಿ, ಇದು ಶೀರ್ಷಿಕೆ, ಇದು ಪಟ್ಟಿ, ಇದು ಒತ್ತು ಎನ್ನುವ ಅರ್ಥವನ್ನಷ್ಟೇ ಎತ್ತಿಕೊಳ್ಳುತ್ತದೆ. ಫಾಂಟು, ಅಳತೆ, ಬಣ್ಣ ಎಲ್ಲ ಅಲ್ಲಿಗೇ ಬಿಟ್ಟುಹೋಗುತ್ತದೆ.

ಪ್ಯಾಂಡಾಕ್ ಹಳೆಯ ಡಾಕ್ ಓದುವುದಿಲ್ಲ. ಲಿಬ್ರೆ ಆಫೀಸನ್ನು ಹೆಡ್‌ಲೆಸ್ ಆಗಿ (ಕಿಟಕಿ ತೆರೆಯದೆ) ಓಡಿಸಿ ‘ಕನ್ವರ್ಟ್-ಟು’ ಆಯ್ಕೆಯಲ್ಲಿ ಡಾಕ್‌ಎಕ್ಸ್ ಕೇಳಿದರೆ ಇಡೀ ಫೋಲ್ಡರನ್ನು ಒಂದೇ ಸಲ ಬದಲಿಸಿ ಕೊಡುತ್ತದೆ. ನುಡಿ ಫಾಂಟ್ ನಿಮ್ಮ ಗಣಕದಲ್ಲಿ ಇಲ್ಲದಿದ್ದರೂ ಫೈಲಿನಲ್ಲಿ ಅದರ ಹೆಸರು ಉಳಿಯುತ್ತದೆ, ಚಿಂತೆ ಬೇಡ. ಆದರೆ ಲಿಬ್ರೆ ಆಫೀಸಿನಿಂದಲೇ ಎಚ್‌ಟಿಎಂಎಲ್ ತೆಗೆಯಬೇಡಿ, ಅದು ಇಂದಿಗೂ ಫಾಂಟ್ ಟ್ಯಾಗನ್ನೂ ಇಂಚಿನ ಅಂಚುಗಳನ್ನೂ ಬರೆಯುತ್ತದೆ.

ಪ್ಯಾಂಡಾಕ್‌ಗೆ ಕೊಡಬೇಕಾದ ಆಯ್ಕೆಗಳು: ‘ರ‍್ಯಾಪ್’ ಎಂಬುದಕ್ಕೆ ‘ನನ್’ (ಇಲ್ಲದಿದ್ದರೆ ಸಾಲು ನಡುವೆ ಮುರಿದು, ಮುಂದೆ ಹುಡುಕಿ ಬದಲಿಸುವಾಗ ಉಪದ್ರ), ‘ಎಕ್ಸ್‌ಟ್ರ್ಯಾಕ್ಟ್-ಮೀಡಿಯಾ’ಗೆ ಚಿತ್ರದ ಫೋಲ್ಡರು, ‘ಸ್ಟ್ಯಾಂಡಲೋನ್’, ಜೊತೆಗೆ ನಿಮ್ಮದೇ ಟೆಂಪ್ಲೇಟು. ಟೆಂಪ್ಲೇಟ್ ಕೊಡದಿದ್ದರೆ ಪ್ಯಾಂಡಾಕ್ ತನ್ನದೇ ಸಿಎಸ್‌ಎಸ್ ಒಂದಷ್ಟು ತಲೆಭಾಗಕ್ಕೆ ಸೇರಿಸುತ್ತದೆ. ಟೆಂಪ್ಲೇಟಿನಲ್ಲಿ ಡಾಕ್‌ಟೈಪ್, ಎಚ್‌ಟಿಎಂಎಲ್ ಟ್ಯಾಗಿನ ಲ್ಯಾಂಗ್‌ನಲ್ಲಿ ಕೆಎನ್, ಕ್ಯಾರ್‌ಸೆಟ್ ಯುಟಿಎಫ್-8, ವ್ಯೂಪೋರ್ಟ್, ಟೈಟಲ್, ಸಿಎಸ್‌ಎಸ್ ಕೊಂಡಿ, ಬಾಡಿ ಇದ್ದರೆ ಮುಗಿಯಿತು. ಡಾಕ್‌ಟೈಪ್ ಬಿಡಬೇಡಿ, ಬಿಟ್ಟರೆ ಬ್ರೌಸರ್ ಹಳೆಯ ಕಾಲದ ಕ್ವರ್ಕ್ಸ್ ಮೋಡಿಗೆ ಹೋಗುತ್ತದೆ.

ಅಜ್ಜರಕಾಡು_ಓದುಗ

ಒಂದು ಲೇಖನಕ್ಕೆ ಓಡಿಸಿ ನೋಡಿದೆ. ಎರಡು ಸಮಸ್ಯೆ. ಉಪಶೀರ್ಷಿಕೆಗಳೆಲ್ಲ ಬರೀ ದಪ್ಪಕ್ಷರದ ಪ್ಯಾರಾ ಆಗಿ ಬಂದಿವೆ. ಲೇಖನದ ಹೆಸರು ಮಾಯ! (ಸ್ಟ್ಯಾಂಡಲೋನ್ ಹಾಕಿರಲಿಲ್ಲ, ಬಾಡಿ ಮಾತ್ರ ಸಾಕು ಅಂತ.)

ಮಣಿಪಾಲ_ಟರ್ಮಿನಲ್

ಹೆಸರು ಮಾಯವಾದದ್ದಕ್ಕೆ ಕಾರಣ: ವರ್ಡ್‌ನಲ್ಲಿ ಅದಕ್ಕೆ ‘ಟೈಟಲ್’ ಸ್ಟೈಲ್ ಹಾಕಿದ್ದಾರೆ. ಪ್ಯಾಂಡಾಕ್ ಟೈಟಲ್, ಸಬ್‌ಟೈಟಲ್, ಆಥರ್, ಡೇಟ್ ಸ್ಟೈಲುಗಳ ಪ್ಯಾರಾ ಫೈಲಿನ ತಲೆಯಲ್ಲಿದ್ದರೆ ಪಠ್ಯ ಅಂತ ನೋಡದೆ ಮೆಟಾಡೇಟಾ (ಲೇಖನದ ಬಗೆಗಿನ ಮಾಹಿತಿ) ಮಾಡುತ್ತದೆ. ಟೆಂಪ್ಲೇಟ್ ಇಲ್ಲದಿದ್ದರೆ ಅದನ್ನು ಬರೆಯಲು ಜಾಗವೇ ಇರುವುದಿಲ್ಲ. ಸ್ಟ್ಯಾಂಡಲೋನ್ ಹಾಕಿ ಟೆಂಪ್ಲೇಟಿನ ಬಾಡಿಯಲ್ಲಿ ಎಚ್1 ಒಳಗೆ ಟೈಟಲ್ ಇಡಿ, ಅಥವಾ ವರ್ಡ್‌ನಲ್ಲಿ ಆ ಸಾಲನ್ನು ಹೆಡಿಂಗ್ 1 ಮಾಡಿ. ಎರಡರಲ್ಲಿ ಒಂದನ್ನು ಎಲ್ಲ ಲೇಖನಕ್ಕೂ ಸಮನಾಗಿ ಮಾಡಿ.

ಉಪಶೀರ್ಷಿಕೆಯ ವಿಷಯದಲ್ಲಿ ಯಾವ ಯಂತ್ರವೂ ನಿಮ್ಮನ್ನು ಬಚಾವು ಮಾಡುವುದಿಲ್ಲ. ದಪ್ಪ, 16 ಪಾಯಿಂಟು, ನಡುವೆ ನಿಲ್ಲಿಸಿದ್ದು ಮನುಷ್ಯನ ಕಣ್ಣಿಗೆ ಮಾತ್ರ ಶೀರ್ಷಿಕೆ. ವರ್ಡ್‌ನಲ್ಲಿ ಅಂಥ ಒಂದು ಸಾಲಿನ ಮೇಲೆ ಕರ್ಸರ್ ಇಟ್ಟು ಹೋಮ್ ಟ್ಯಾಬಿನ ‘ಸೆಲೆಕ್ಟ್’ನಲ್ಲಿ ‘ಸೆಲೆಕ್ಟ್ ಟೆಕ್ಸ್ಟ್ ವಿತ್ ಸಿಮಿಲರ್ ಫಾರ್ಮ್ಯಾಟಿಂಗ್’ ಒತ್ತಿ. ಅದೇ ಥರದ್ದೆಲ್ಲ ಆಯ್ಕೆಯಾಗುತ್ತದೆ. ಆಮೇಲೆ ಕಂಟ್ರೋಲ್-ಆಲ್ಟ್-2 ಒತ್ತಿದರೆ ಎಲ್ಲ ಹೆಡಿಂಗ್ 2. ಇದನ್ನು ಡಾಕ್‌ಎಕ್ಸ್‌ನಲ್ಲೇ ಮಾಡಿ, ಎಚ್‌ಟಿಎಂಎಲ್ ಆದಮೇಲೆ ಮಾಡಲು ಹೊರಟರೆ ದುಪ್ಪಟ್ಟು ಕೆಲಸ.

ಅದೇ ಉಸಿರಿನಲ್ಲಿ ರಿವ್ಯೂ ಟ್ಯಾಬಿಗೆ ಹೋಗಿ ಎಲ್ಲ ಬದಲಾವಣೆ ಒಪ್ಪಿ, ಕಾಮೆಂಟುಗಳನ್ನು ಅಳಿಸಿ. ‘ಈ ಪ್ಯಾರಾ ತೆಗೆಯಬಹುದಾ?’ ಎಂದು ಸಂಪಾದಕರು ಬರೆದದ್ದು ಭಕ್ತಾದಿಗಳ ಕಣ್ಣಿಗೆ ಬೀಳುವುದು ಬೇಡ.

ಹಂಪನಕಟ್ಟೆ_ವೆಬ್

ಪ್ಯಾಂಡಾಕ್ ಒಳ್ಳೆಯದೇ. ಆದರೆ ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿ ಕಂಡರೆ ಹೆದರುವವರು ಸಮಿತಿಯಲ್ಲಿ ಇರುತ್ತಾರೆ, ಅವರಿಗೂ ಒಂದು ದಾರಿ ಬೇಕಲ್ಲ. ಸೇವ್ ಆ್ಯಸ್‌ನಲ್ಲಿ ‘ವೆಬ್ ಪೇಜ್’ ಬಿಟ್ಟು ‘ವೆಬ್ ಪೇಜ್, ಫಿಲ್ಟರ್ಡ್’ ಆರಿಸಿದರೆ ಆಫೀಸಿನ ಲೆಕ್ಕಪತ್ರ ಬಹುಪಾಲು ಹೋಗುತ್ತದೆ. ಅದಕ್ಕೆ ಮೊದಲು ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್, ಕೆಳಗೆ ‘ಜನರಲ್’ ಭಾಗದಲ್ಲಿ ‘ವೆಬ್ ಆಪ್ಷನ್ಸ್’, ಅದರಲ್ಲಿ ಎನ್‌ಕೋಡಿಂಗ್ ಟ್ಯಾಬಿಗೆ ಹೋಗಿ ಯುಟಿಎಫ್-8 ಮಾಡಿ. ಅಲ್ಲಿ ಪಶ್ಚಿಮ ಯುರೋಪಿನ ವಿಂಡೋಸ್-1252 ಇದ್ದರೆ ಒಂದೊಂದು ಕನ್ನಡ ಅಕ್ಷರವೂ ಸಂಖ್ಯೆಯಾಗಿ ಬರುತ್ತದೆ. ‘ಕ’ ಎಂದರೆ ಆಂಪರ್‌ಸ್ಯಾಂಡ್, ಹ್ಯಾಶ್, 3221, ಸೆಮಿಕೋಲನ್. ಬ್ರೌಸರಿನಲ್ಲಿ ಸರಿಯಾಗಿಯೇ ಕಾಣುತ್ತದೆ, ಆದರೆ ಮೂಲದಲ್ಲಿ ಒಂದು ಅಕ್ಷರವನ್ನೂ ಓದಿ ತಿದ್ದುವಂತಿಲ್ಲ. ಯುಟಿಎಫ್-8ರಲ್ಲಿ 3 ಬೈಟು ಹಿಡಿಯುವ ಅಕ್ಷರ ಇಲ್ಲಿ 7 ಬೈಟು.

ಫಿಲ್ಟರ್ಡ್ ಆದಮೇಲೂ ಪ್ರತಿ ಪ್ಯಾರಾಕ್ಕೂ ಎಂಎಸ್‌ಒ-ನಾರ್ಮಲ್ ಕ್ಲಾಸು, ಕನ್ನಡ ಬಂದಲ್ಲೆಲ್ಲ ನಿರ್ಮಲ ಅಥವಾ ತುಂಗಾ ಫಾಂಟಿನ ಸ್ಪ್ಯಾನು (ಸಾಲಿನ ಒಂದು ತುಂಡನ್ನು ಸುತ್ತುವ ಟ್ಯಾಗು) ಇರುತ್ತದೆ. ಸಾಲಿನ ನಡುವೆ ಇಸವಿಯೋ ಆವರಣವೋ ಬಂದರೆ ಸ್ಪ್ಯಾನ್ ಮುಚ್ಚಿ ಮತ್ತೆ ತೆರೆಯುತ್ತದೆ. ಇದನ್ನು ಎಚ್‌ಟಿಎಂಎಲ್ ಟೈಡಿ ಎಂಬ ಶುಚಿಗೊಳಿಸುವ ತಂತ್ರಾಂಶಕ್ಕೆ ಕೊಡಿ. ‘ವರ್ಡ್-2000’, ‘ಡ್ರಾಪ್-ಎಂಪ್ಟಿ-ಪ್ಯಾರಾಸ್’, ‘ಡ್ರಾಪ್-ಪ್ರೊಪ್ರೈಟರಿ-ಆಟ್ರಿಬ್ಯೂಟ್ಸ್’ ಮೂರಕ್ಕೂ ‘ಯೆಸ್’ (ಹೌದು), ‘ರ‍್ಯಾಪ್’ 0, ಕ್ಯಾರ್-ಎನ್‌ಕೋಡಿಂಗ್ ಯುಟಿಎಫ್8.

ಈ ದಾರಿಯ ದೊಡ್ಡ ಕೊರತೆ ಪಟ್ಟಿಗಳದ್ದು. ವರ್ಡ್ ಬುಲೆಟ್ ಪಟ್ಟಿಯನ್ನು ಹೆಚ್ಚಾಗಿ ಯುಎಲ್, ಎಲ್‌ಐ ಎಂದು ಬರೆಯದೆ, ಎಡಕ್ಕೆ ಎಳೆದ ಪ್ಯಾರಾ, ಸಿಂಬಲ್ ಫಾಂಟಿನ ಚುಕ್ಕಿ, ನಾಲ್ಕೈದು ಗಟ್ಟಿ ಸ್ಪೇಸು ಇಟ್ಟು ಪಟ್ಟಿಯ ವೇಷ ಹಾಕುತ್ತದೆ. ಪಟ್ಟಿ ಜಾಸ್ತಿ ಇದ್ದರೆ ಮಣಿಪಾಲದವರು ಹೇಳಿದ್ದೇ ಸರಿ.

ವರ್ಡ್‌ಪ್ರೆಸ್ ತಾಣವಾದರೆ ಮ್ಯಾಮತ್ ಎಂಬ ಡಾಕ್‌ಎಕ್ಸ್ ಪರಿವರ್ತಕ ಕೂಡ ನೋಡಿ. ಅದು ಸ್ಟೈಲ್ ಹೆಸರಿನಿಂದ ಟ್ಯಾಗಿಗೆ ನಕ್ಷೆ ಕೇಳುತ್ತದೆ: ‘ಪದ್ಯ’ ಎಂಬ ಸ್ಟೈಲ್ ಇದ್ದರೆ ಪಿ ಟ್ಯಾಗು, ಕ್ಲಾಸು ಪದ್ಯ, ಹೀಗೆ. ಸ್ಟೈಲಿನ ಹೆಸರು ಕನ್ನಡದಲ್ಲಿದ್ದರೂ ನಡೆಯುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಇನ್ನೊಂದು: ಪುಟದ ವಿಳಾಸವನ್ನು ಕನ್ನಡದಲ್ಲೇ ಬಿಟ್ಟರೆ ಒಂದು ಅಕ್ಷರಕ್ಕೆ 9 ಚಿಹ್ನೆ ಖರ್ಚು, ಮಿತಿ 200. ಉದ್ದದ ತಲೆಬರಹ 22 ಚಿಹ್ನೆಗೆ ತುಂಡಾಗುತ್ತದೆ, ಅದರಲ್ಲಿ ಕೊಂಬು, ಒತ್ತು ಎಲ್ಲ ಲೆಕ್ಕಕ್ಕೆ. ವಿಳಾಸ ಚಿಕ್ಕದಾಗಿ ನೀವೇ ಬರೆಯಿರಿ.

ತುಳು_ಬರವು

ತುಳು ಲೇಖನ ಉಂಟು ಅಂದಿರಲ್ಲ, ಅದಕ್ಕೆ ಇದು.

ಸ್ವಚ್ಛ ಮಾಡುವ ಸ್ಕ್ರಿಪ್ಟುಗಳಲ್ಲಿ ಒಂದು ಸಾಲು ಖಾಯಂ ಇರುತ್ತದೆ: ‘ಕಣ್ಣಿಗೆ ಕಾಣದ ಅಕ್ಷರಗಳನ್ನೆಲ್ಲ ಅಳಿಸು’. ಇಂಗ್ಲಿಷಿಗಾಗಿ ಬರೆದದ್ದು ಅದು, ನಮಗೆ ಆಗುವುದಿಲ್ಲ. 8204, ಅಂದರೆ ಜೀರೋ ವಿಡ್ತ್ ನಾನ್ ಜಾಯ್ನರ್, ಹೋದರೆ ‘ರಾಜ್‌ಕುಮಾರ್’ ಎಂಬುದು ‘ರಾಜ್ಕುಮಾರ್’ ಆಗುತ್ತದೆ. ತುಳುವಿನಲ್ಲಿ ಪೆಟ್ಟು ಇನ್ನೂ ಜೋರು. ‘ಪಂಡ್‌ದ್’, ‘ಮಲ್ತ್‌ದ್’ ಇಂಥ ಪದ ಸಾಲಿಗೆ ಎರಡಾದರೂ ಬರುತ್ತದೆ, ಅಳಿಸಿದರೆ ಎಲ್ಲ ಒತ್ತಕ್ಷರವಾಗಿ ‘ಪಂಡ್ದ್’, ‘ಮಲ್ತ್ದ್’. ಓದಲು ಬರುತ್ತದಾ? 8205, ಜಾಯ್ನರ್, ಹೋದರೆ ‘ರ‍್ಯಾಂಕ್’ ಇದ್ದದ್ದು ಅರ್ಕಾವತ್ತಿನ ‘ರ್ಯಾಂಕ್’ ಆಗುತ್ತದೆ. ಇವೆರಡನ್ನು ಮುಟ್ಟಲೇಬೇಡಿ. ಅಳಿಸಬಹುದಾದದ್ದು 8203 (ಅಗಲವಿಲ್ಲದ ಸ್ಪೇಸ್), 173 (ಕಾಣದ ಹೈಫನ್), ಫೈಲಿನ ನಡುವೆ ಸಿಗುವ 65279 (ಫೈಲಿನ ತಲೆಗೆ ಹಾಕುವ ಕಾಣದ ಗುರುತು). 160 (ಗಟ್ಟಿ ಸ್ಪೇಸ್) ಇದ್ದಲ್ಲಿ ಸಾಮಾನ್ಯ ಸ್ಪೇಸ್ ಹಾಕಿ.

ಇನ್ನು ‘ಕನ್ನಡ ಬ್ಲಾಕ್ 3200ರಿಂದ 3327, ಅದರ ಹೊರಗಿನದ್ದು ಬೇಡ’ ಎನ್ನುವ ಫಿಲ್ಟರು. ಶ್ಲೋಕ, ಪದ್ಯದ ಕೊನೆಯ ದಂಡಗಳು 2404 ಮತ್ತು 2405, ಯುನಿಕೋಡಿನಲ್ಲಿ ದೇವನಾಗರಿ ಬ್ಲಾಕಿನಲ್ಲಿವೆ. ನಮ್ಮ ಲಿಪಿಗೆ ಬೇರೆ ದಂಡ ಇಲ್ಲ. ಆ ಫಿಲ್ಟರ್ ಹಾಕಿದರೆ ಪದ್ಯಗಳ ದಂಡಗಳೆಲ್ಲ ಹೋಗುತ್ತವೆ.

ಪಠ್ಯ ಯಾವ ಭಾಷೆಯದ್ದು ಎಂದು ಹೇಳುವ ಲ್ಯಾಂಗ್ ಗುಣವನ್ನು ಅಲಂಕಾರ ಅಂತ ಬಿಡಬೇಡಿ. ಪುಟಕ್ಕೆ ಕೆಎನ್, ತುಳು ಲೇಖನದ ಆರ್ಟಿಕಲ್ ಟ್ಯಾಗಿಗೆ ಟಿಸಿವೈ. ಕನ್ನಡ ಲಿಪಿಯ ಕೊಂಕಣಿ ಇದ್ದರೆ ಕೆಒಕೆ, ಹೈಫನ್, ಕೆಎನ್‌ಡಿಎ. ಎನ್‌ವಿಡಿಎ ಥರದ ಸ್ಕ್ರೀನ್ ರೀಡರು (ಪರದೆಯ ಪಠ್ಯವನ್ನು ಓದಿ ಹೇಳುವ ತಂತ್ರಾಂಶ) ಲ್ಯಾಂಗ್ ನೋಡಿಯೇ ಧ್ವನಿ ಬದಲಿಸುತ್ತದೆ, ಅದರ ಜೊತೆ ಬರುವ ಇಸ್ಪೀಕ್‌ನಲ್ಲಿ ಕನ್ನಡ ಉಂಟು. ವರ್ಡ್ ಇಂಗ್ಲಿಷ್ ಎಂದು ಗುರುತು ಹಾಕಿದ ಸ್ಪ್ಯಾನ್ ಕನ್ನಡದ ಮೇಲೆ ಉಳಿದರೆ ಓದುವುದೇ ತಪ್ಪುತ್ತದೆ. ಹಾಗಾಗಿ ವರ್ಡ್ ಹಾಕಿದ ಲ್ಯಾಂಗ್ ಎಲ್ಲ ಕಿತ್ತು, ಬೇಕಾದಲ್ಲಿ ನೀವು ಹಾಕಿ.

ಕೊಡಿಯಾಲ್_ಕೋಡ್

ಗೂಗಲ್ ಡಾಕ್ಸ್‌ನದ್ದು ಯಾರೂ ಹೇಳಲಿಲ್ಲ. ಅದರಿಂದ ನಕಲು ಮಾಡಿ ಅಂಟಿಸಿದರೆ ಇಡೀ ಲೇಖನದ ಸುತ್ತ ಒಂದು ಬಿ ಟ್ಯಾಗ್ ಇರುತ್ತದೆ, ಅದರ ಸ್ಟೈಲಿನಲ್ಲಿ ಮಾತ್ರ ‘ಫಾಂಟ್-ವೆಯ್ಟ್ ನಾರ್ಮಲ್’. ನೀವು ಸ್ಟೈಲ್ ಗುಣಗಳನ್ನೆಲ್ಲ ಅಳಿಸಿದ ಕೂಡಲೇ ಬಿ ಉಳಿದು, ಮೊದಲ ಅಕ್ಷರದಿಂದ ಕೊನೆ ತನಕ ದಪ್ಪ. ನಿಜವಾದ ದಪ್ಪಕ್ಷರ ಅದರೊಳಗೆ ‘ಫಾಂಟ್-ವೆಯ್ಟ್ 700’ ಇರುವ ಸ್ಪ್ಯಾನಿನಲ್ಲಿ ಇರುತ್ತದೆ. ‘ಡೌನ್‌ಲೋಡ್, ವೆಬ್ ಪೇಜ್’ ಕೊಟ್ಟರೆ ಕೊಂಡಿಗಳೆಲ್ಲ ಗೂಗಲ್‌ನ ಮೂಲಕ ಸುತ್ತಿ ಹೋಗುತ್ತವೆ, ಕ್ಲಾಸುಗಳ ಹೆಸರು ಸಿ1, ಸಿ2 ಎಂದಿರುತ್ತದೆ. ಅದರ ಬದಲು ಡಾಕ್‌ಎಕ್ಸ್ ಆಗಿ ಇಳಿಸಿ ಪ್ಯಾಂಡಾಕ್‌ಗೆ ಕೊಡಿ. 2024ರಿಂದ ಮಾರ್ಕ್‌ಡೌನ್ ಆಗಿಯೂ ಇಳಿಸಬಹುದು, ಟೇಬಲ್ ಇಲ್ಲದ ಲೇಖನಕ್ಕೆ ಅದು ಸಾಕು.

ಈಗಾಗಲೇ ಎಚ್‌ಟಿಎಂಎಲ್ ಆಗಿ ಕೈಗೆ ಬಂದದ್ದನ್ನು ತೊಳೆಯಲು ರೆಗ್ಯುಲರ್ ಎಕ್ಸ್‌ಪ್ರೆಷನ್ (ಅಕ್ಷರಗಳ ಮಾದರಿ ಕೊಟ್ಟು ಹುಡುಕಿ ಬದಲಿಸುವುದು) ಬೇಡ. ಒಂದರೊಳಗೊಂದು ಇರುವ ಸ್ಪ್ಯಾನುಗಳಲ್ಲಿ ಯಾವ ಮುಚ್ಚುವ ಟ್ಯಾಗ್ ಯಾರದ್ದು ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಟ್ಯಾಗುಗಳನ್ನು ಅರ್ಥಮಾಡಿಕೊಳ್ಳುವ ಪೈಥಾನಿನ ಬ್ಯೂಟಿಫುಲ್ ಸೂಪ್ ಹಿಡಿದು ಈ ಕ್ರಮದಲ್ಲಿ ಹೋಗಿ:

ಮೊದಲು ಗೂಗಲ್‌ನ ಆ ಹೊರಗಿನ ಬಿ ಟ್ಯಾಗನ್ನು ಅನ್‌ರ‍್ಯಾಪ್ ಮಾಡಿ. ಆಮೇಲೆ ಸ್ಟೈಲಿನಲ್ಲಿ ಅಡಗಿದ ಅರ್ಥವನ್ನು ಟ್ಯಾಗ್ ಮಾಡಿ: ದಪ್ಪ ಇದ್ದ ಸ್ಪ್ಯಾನ್ ಸ್ಟ್ರಾಂಗ್, ಓರೆ ಇದ್ದದ್ದು ಇಎಂ, ಮೇಲೇರಿಸಿದ್ದು ಸಪ್. ಇದು ಮುಗಿಯದೆ ಸ್ಟೈಲ್ ಅಳಿಸಬೇಡಿ. ನಂತರ ಉಳಿಯಬಹುದಾದ ಟ್ಯಾಗುಗಳ ಪಟ್ಟಿ ಇಟ್ಟುಕೊಳ್ಳಿ. ಎಚ್1ರಿಂದ ಎಚ್4, ಪಿ, ಬಿಆರ್, ಯುಎಲ್, ಓಎಲ್, ಎಲ್‌ಐ, ಸ್ಟ್ರಾಂಗ್, ಇಎಂ, ಸಪ್, ಎ, ಇಮೇಜ್, ಫಿಗರ್, ಫಿಗ್‌ಕ್ಯಾಪ್ಷನ್, ಬ್ಲಾಕ್‌ಕೋಟ್, ಟೇಬಲ್ ಕುಟುಂಬ. ಪಟ್ಟಿಯಲ್ಲಿ ಇಲ್ಲದ್ದನ್ನೆಲ್ಲ ಅನ್‌ರ‍್ಯಾಪ್ ಮಾಡಿ, ಅಂದರೆ ಟ್ಯಾಗ್ ಹೋಗಿ ಒಳಗಿನ ಪಠ್ಯ ಉಳಿಯಬೇಕು. ಸ್ಟೈಲ್, ಸ್ಕ್ರಿಪ್ಟ್ ಎರಡನ್ನು ಮಾತ್ರ ಒಳಗಿನದ್ದರ ಸಮೇತ ತೆಗೆಯಬೇಕು, ಇಲ್ಲದಿದ್ದರೆ ಸಿಎಸ್‌ಎಸ್ ನಿಯಮಗಳು ಲೇಖನದ ಮೊದಲ ಪ್ಯಾರಾ ಆಗಿ ಕೂರುತ್ತವೆ. ಗುಣಗಳಲ್ಲಿ ಎಚ್‌ಆರ್‌ಇಎಫ್, ಎಸ್‌ಆರ್‌ಸಿ, ಆಲ್ಟ್, ಐಡಿ, ಕಾಲ್‌ಸ್ಪ್ಯಾನ್, ರೋಸ್ಪ್ಯಾನ್ ಸಾಕು.

ಕಡೆಗೆ ಅಕ್ಕಪಕ್ಕದ ಒಂದೇ ಥರದ ಟ್ಯಾಗುಗಳನ್ನು ಕೂಡಿಸಿ. ಇದು ಬರೀ ಚಂದಕ್ಕಲ್ಲ. ವರ್ಡ್ ಪ್ರತಿ ತಿದ್ದುಪಡಿಗೂ ಆರ್‌ಎಸ್‌ಐಡಿ ಎಂಬ ಗುರುತು ಹಾಕುತ್ತದೆ, ಒಂದು ಪದ ಮೂರು ರನ್ ಆಗಿರುವುದು ಸಾಮಾನ್ಯ. ಟ್ಯಾಗಿನ ಗಡಿ ಅಕ್ಷರದ ಹೊಟ್ಟೆಯಲ್ಲಿ ಬಿದ್ದರೆ, ‘ಶ್’ ತೆಳು, ‘ರೀ’ ದಪ್ಪ ಎಂಬಂತೆ, ಬ್ರೌಸರಿಗೆ ‘ಶ್ರೀ’ ಕೂಡಿಸಲು ಆಗುವುದಿಲ್ಲ. ಸ್ವರಚಿಹ್ನೆ ಒಂಟಿಯಾದರೆ ಚುಕ್ಕಿಗಳ ವೃತ್ತ ಕಾಣಿಸಬಹುದು. ಟ್ಯಾಗಿನ ಒಳಗಿನ ಪಠ್ಯ ಸ್ವರಚಿಹ್ನೆಯಿಂದಲೋ ಅರ್ಧಾಕ್ಷರದ ವಿರಾಮ ಚಿಹ್ನೆಯಿಂದಲೋ (್) ಶುರುವಾದರೆ ಆ ಅಕ್ಷರವನ್ನು ಹಿಂದಿನ ಟ್ಯಾಗಿಗೆ ದೂಡಿ.

ಕೊಡಿಯಾಲ್_ಕೋಡ್

ಬಿಟ್ಟುಹೋದದ್ದು: ಪಠ್ಯವನ್ನು ಎನ್‌ಎಫ್‌ಸಿಗೆ (ಒಂದೇ ಅಕ್ಷರವನ್ನು ಎಲ್ಲೆಡೆ ಒಂದೇ ಸಂಕೇತದಲ್ಲಿ ಬರೆಯುವ ಯುನಿಕೋಡ್ ರೂಪಕ್ಕೆ) ತನ್ನಿ. ‘ೇ’ ಎಂಬುದು ಒಂದೇ ಸಂಕೇತ 3271 ಆಗಿರಬಹುದು, 3270 ಮತ್ತು 3285 ಎರಡು ಸೇರಿಯೂ ಆಗಿರಬಹುದು. ಕಣ್ಣಿಗೆ ಒಂದೇ, ಹುಡುಕಾಟಕ್ಕೆ ಬೇರೆ ಬೇರೆ. ಕೆಲವು ಪರಿವರ್ತಕಗಳಿಂದ ಎರಡನೆಯದ್ದು ಬರುತ್ತದೆ. ಎನ್‌ಎಫ್‌ಸಿ ಜಾಯ್ನರುಗಳನ್ನು ಮುಟ್ಟುವುದಿಲ್ಲ. ಎನ್‌ಎಫ್‌ಕೆಸಿ ಮಾತ್ರ ಬೇಡ, ಅದು ಮೇಲೇರಿಸಿದ 2 ಅನ್ನು ಸಾಮಾನ್ಯ 2 ಮಾಡಿ ಚದರಡಿಯ ಲೆಕ್ಕ ಕೆಡಿಸುತ್ತದೆ.

ಕಾರ್‌ಸ್ಟ್ರೀಟ್_ಡಿಟಿಪಿ

ಹುಡುಕಾಟದ ಮಾತು ಬಂತಲ್ಲ, ಟೈಪಿಂಗಿನದ್ದೂ ನೋಡಿ. ಅನುಸ್ವಾರದ (ಂ, 3202) ಜಾಗದಲ್ಲಿ ಕನ್ನಡದ ಸೊನ್ನೆ (೦, 3302) ಒತ್ತಿದ ಫೈಲು ಬೇಕಾದಷ್ಟು ಸಿಗುತ್ತದೆ. ‘ಮ೦ಗಳೂರು’ ಎಂದು ಇದ್ದದ್ದು ‘ಮಂಗಳೂರು’ ಎಂದು ಹುಡುಕಿದರೆ ಸಿಗುವುದಿಲ್ಲ. ಹಿಂದೆ ಮುಂದೆ ಅಂಕಿ ಇಲ್ಲದೆ, ಅಕ್ಷರಕ್ಕೆ ಅಂಟಿಕೊಂಡ 3302 ಎಲ್ಲ ಅನುಸ್ವಾರವೇ, ಕಣ್ಣು ಮುಚ್ಚಿ ಬದಲಿಸಬಹುದು.

ದರಪಟ್ಟಿಯಲ್ಲಿ ರೂಪಾಯಿ ಚಿಹ್ನೆ ಪರೀಕ್ಷಿಸಿ. 2010ರಲ್ಲಿ ಚಿಹ್ನೆ ಬಂದ ಹೊಸತರಲ್ಲಿ ಅದಕ್ಕಾಗಿಯೇ ಮಾಡಿದ ಫಾಂಟುಗಳು ಹರಿದಾಡಿದವು, ಅದರಲ್ಲಿ ಬ್ಯಾಕ್‌ಟಿಕ್ ಒತ್ತಿದರೆ ರೂಪಾಯಿ. ಫಾಂಟ್ ಹೋದಮೇಲೆ ‘ಹೂವಿನ ಪೂಜೆ’ಯ ಎದುರು ಬ್ಯಾಕ್‌ಟಿಕ್ ಮಾತ್ರ ಉಳಿಯುತ್ತದೆ. ನಿಜವಾದ ₹ ಎಂದರೆ 8377.

ಕೋಡಿ_ಕುಂದಾಪ್ರ

ಹ್ವಾಯ್, ದರಪಟ್ಟಿ ಟೇಬಲ್ ಆಗಿ ಉಂಟೋ, ಟ್ಯಾಬ್ ಹೊಡೆದು ಹೊಂದಿಸಿದ್ದೋ? ಟ್ಯಾಬಿನದ್ದಾದರೆ ಎಚ್‌ಟಿಎಂಎಲ್‌ನಲ್ಲಿ ಎಲ್ಲ ಒಂದೇ ಸಾಲಿಗೆ ಕುಸಿದು ಬೀಳುತ್ತದೆ. ವರ್ಡ್‌ನಲ್ಲಿ ಆ ಸಾಲುಗಳನ್ನು ಆರಿಸಿ, ಇನ್ಸರ್ಟ್, ಟೇಬಲ್, ‘ಕನ್ವರ್ಟ್ ಟೆಕ್ಸ್ಟ್ ಟು ಟೇಬಲ್’, ವಿಭಜಕ ಟ್ಯಾಬ್. ಸಾಲಿಗೆ ಎರಡೆರಡು ಟ್ಯಾಬ್ ಹೊಡೆದಿದ್ದರೆ ಖಾಲಿ ಕಾಲಂ ಬರುತ್ತದೆ, ಅದಕ್ಕೆ ಮೊದಲೇ ಎರಡು ಟ್ಯಾಬನ್ನು ಒಂದು ಮಾಡಿಕೊಳ್ಳಿ, ಬದಲಿ ಮಾಡಲು ಏನೂ ಸಿಗದಷ್ಟು ಸಲ. ಆಮೇಲೆ ಟೇಬಲ್ ಡಿಸೈನಿನಲ್ಲಿ ‘ಹೆಡರ್ ರೋ’ ಗುರುತು, ಲೇಔಟಿನಲ್ಲಿ ‘ರಿಪೀಟ್ ಹೆಡರ್ ರೋಸ್’. ಹಾಗಿದ್ದರೆ ಮೊದಲ ಸಾಲು ಟಿಎಚ್ (ಟೇಬಲಿನ ತಲೆಬರಹದ ಟ್ಯಾಗು) ಆಗಿ ಬರುತ್ತದೆ. ಪ್ಯಾಂಡಾಕ್ ಕಾಲಂ ಅಗಲವನ್ನು ಶೇಕಡಾವಾರು ಬರೆದರೆ ಆ ಕಾಲ್‌ಗ್ರೂಪ್ ಪೂರ್ತಿ ತೆಗೆಯಿರಿ, ಮೊಬೈಲಿನಲ್ಲಿ ಅದು ಕಾಟ.

ಪದ್ಯಕ್ಕೆ ಬೇರೆ ಕ್ರಮ. ಬಿಆರ್ ಟ್ಯಾಗನ್ನು ಎಲ್ಲರೂ ಬೈಯುತ್ತಾರೆ, ಆದರೆ ಪದ್ಯದ ಸಾಲು ಮುರಿಯುವುದು ಅದರ ನಿಜವಾದ ಕೆಲಸ. ವರ್ಡ್‌ನಲ್ಲಿ ಒಂದು ಪದ್ಯ ಒಂದು ಪ್ಯಾರಾ ಆಗಿರಬೇಕು, ಒಳಗಿನ ಸಾಲುಗಳ ಕೊನೆಗೆ ಶಿಫ್ಟ್-ಎಂಟರ್. ಹೆಚ್ಚಿನವರು ಪ್ರತಿ ಸಾಲಿಗೂ ಎಂಟರ್ ಒತ್ತಿರುತ್ತಾರೆ, ಹಾಗೆ ಬಿಟ್ಟರೆ ನಾಲ್ಕು ಸಾಲಿನ ಪದ್ಯ ನಾಲ್ಕು ಪ್ಯಾರಾ ಆಗಿ ಹರಡಿಕೊಳ್ಳುತ್ತದೆ. ಪದ್ಯಭಾಗ ಮಾತ್ರ ಆರಿಸಿ ‘ಫೈಂಡ್ ರಿಪ್ಲೇಸ್’ನಲ್ಲಿ ಎರಡು ಪ್ಯಾರಾ ಗುರುತಿನ ಜಾಗಕ್ಕೆ ಪಠ್ಯದಲ್ಲಿ ಎಲ್ಲೂ ಇಲ್ಲದ ಒಂದು ಚಿಹ್ನೆ ಹಾಕಿ, ಉಳಿದ ಪ್ಯಾರಾ ಗುರುತುಗಳನ್ನು ಲೈನ್ ಬ್ರೇಕ್ ಮಾಡಿ, ಆ ಚಿಹ್ನೆಯನ್ನು ಮತ್ತೆ ಪ್ಯಾರಾ ಗುರುತು ಮಾಡಿ. ಕ್ಯಾರೆಟ್-ಪಿ ಎಂದರೆ ಪ್ಯಾರಾ, ಕ್ಯಾರೆಟ್-ಎಲ್ ಎಂದರೆ ಲೈನ್ ಬ್ರೇಕ್.

ರಾಗ, ತಾಳದ ಸಾಲನ್ನು ಹೆಡಿಂಗ್ ಮಾಡುವವರಿದ್ದಾರೆ, ನನಗೆ ಸರಿ ಕಾಣುವುದಿಲ್ಲ. ಅರುವತ್ತು ಪದ್ಯದ ಪ್ರಸಂಗಕ್ಕೆ ಅರುವತ್ತು ಶೀರ್ಷಿಕೆ ಆಗಿ, ಸ್ಕ್ರೀನ್ ರೀಡರಿನಲ್ಲಿ ಶೀರ್ಷಿಕೆ ಹಿಡಿದು ಹಾರುವವರಿಗೆ ದಾರಿ ತಪ್ಪುತ್ತದೆ. ಒಂದು ಪಿ, ಕ್ಲಾಸ್ ರಾಗ. ಪದ್ಯಕ್ಕೆ ಇನ್ನೊಂದು ಕ್ಲಾಸ್. ಇಡೀ ತಾಣಕ್ಕೆ ಈ ಎರಡೇ ಕ್ಲಾಸ್ ಸಾಕು. ಕೊಡಿಯಾಲದವರ ಪಟ್ಟಿಯಲ್ಲಿ ಕ್ಲಾಸ್ ಇಲ್ಲ, ಈ ಎರಡಕ್ಕೆ ವಿನಾಯಿತಿ ಕೊಡಿ, ಇಲ್ಲದಿದ್ದರೆ ಇದೂ ತೊಳೆದುಹೋಗುತ್ತದೆ.

ಹಂಪನಕಟ್ಟೆ_ವೆಬ್

ಓರೆ ಅಕ್ಷರದ ಬಗ್ಗೆ. ಕನ್ನಡ ಫಾಂಟುಗಳಲ್ಲಿ ನಿಜವಾದ ಇಟಾಲಿಕ್ ಸಾಮಾನ್ಯವಾಗಿ ಇರುವುದಿಲ್ಲ, ಬ್ರೌಸರ್ ಅಕ್ಷರವನ್ನು ಎಳೆದು ಓರೆ ಮಾಡುತ್ತದೆ, ಒತ್ತಕ್ಷರಗಳು ಒಂದಕ್ಕೊಂದು ತಾಗಿ ಅಸಹ್ಯ. ಇಎಂ ಟ್ಯಾಗ್ ಇರಲಿ, ಸಿಎಸ್‌ಎಸ್‌ನಲ್ಲಿ ಕನ್ನಡಕ್ಕೆ ಓರೆ ತೆಗೆದು ಬಣ್ಣವನ್ನೋ ದಪ್ಪವನ್ನೋ ಕೊಡಿ. ಸಾಲಿನ ಎತ್ತರ 1.7ರ ಆಸುಪಾಸು ಇಟ್ಟರೆ ಎರಡು ಒತ್ತಿನ ಅಕ್ಷರವೂ ಕೆಳಗಿನ ಸಾಲಿಗೆ ತಾಗುವುದಿಲ್ಲ.

ಚಿತ್ರಗಳಲ್ಲಿ ಜಾಗ್ರತೆ. ವರ್ಡ್‌ನಲ್ಲಿ ಕ್ರಾಪ್ ಮಾಡಿದ ಫೋಟೋ ಡಾಕ್‌ಎಕ್ಸ್ ಒಳಗೆ ಪೂರ್ತಿಯಾಗಿಯೇ ಇರುತ್ತದೆ, ಹೊರತೆಗೆದಾಗ ಕತ್ತರಿಸಿದ ಭಾಗವೂ ಬರುತ್ತದೆ. ಯಾರನ್ನೋ ಬದಿಗೆ ಸರಿಸಿದ್ದರೆ ಅವರು ತಾಣದಲ್ಲಿ ಪ್ರತ್ಯಕ್ಷ. ‘ಕಂಪ್ರೆಸ್ ಪಿಕ್ಚರ್ಸ್’ನಲ್ಲಿ ‘ಡಿಲೀಟ್ ಕ್ರಾಪ್ಡ್ ಏರಿಯಾಸ್’ ಗುರುತು ಹಾಕಿ ಸೇವ್ ಮಾಡಿದ ಮೇಲೆ ಹೊರತೆಗೆಯಿರಿ. ಮುದ್ರಣಕ್ಕೆಂದು ಸಿಎಂವೈಕೆ (ಅಚ್ಚಿನ ಬಣ್ಣಪದ್ಧತಿ) ಮಾಡಿದ ಜೆಪೆಗ್ ಇದ್ದರೆ ಪರದೆಯ ಬಣ್ಣಪದ್ಧತಿಯಾದ ಎಸ್‌ಆರ್‌ಜಿಬಿಗೆ ತನ್ನಿ. ಇಎಂಎಫ್, ಡಬ್ಲ್ಯುಎಂಎಫ್ ಚಿತ್ರಗಳು ಬ್ರೌಸರಿನಲ್ಲಿ ಕಾಣುವುದೇ ಇಲ್ಲ, ಅವನ್ನು ಪಿಎನ್‌ಜಿ ಮಾಡಬೇಕು. ಪ್ಯಾಂಡಾಕ್ ಬರೆದ ಇಂಚಿನ ಅಗಲ, ಎತ್ತರ ತೆಗೆಯಿರಿ. ಆಲ್ಟ್‌ನಲ್ಲಿ ವರ್ಡ್ ತಾನೇ ಊಹಿಸಿ ಬರೆದ ಇಂಗ್ಲಿಷ್ ವಿವರಣೆ ಉಳಿದಿರುತ್ತದೆ: ಗರ್ಭಗುಡಿಯ ಚಿತ್ರಕ್ಕೆ ‘ಕಟ್ಟಡದ ಹೊರನೋಟ’ ಎಂಬಂಥದ್ದು. ಅದನ್ನು ಅಳಿಸಿ ಕನ್ನಡದಲ್ಲಿ ಬರೆಯಿರಿ.

ಅಜ್ಜರಕಾಡು_ಓದುಗ

ಎಲ್ಲರಿಗೂ ಉಪಕಾರ ಆಯ್ತು. ಎರಡು ಸಂಶಯ. ಸಂಚಿಕೆಯ ಒಂದು ವಿಭಾಗವನ್ನು ಒಂದೇ ಪುಟದಲ್ಲಿ ತರಬೇಕು ಅಂತ ಸಮಿತಿಯವರ ಅಪೇಕ್ಷೆ. ಆಗ ಎರಡನೇ ಲೇಖನದ ಅಡಿಟಿಪ್ಪಣಿ 1 ಒತ್ತಿದರೆ ಮೊದಲ ಲೇಖನದ ಟಿಪ್ಪಣಿಗೆ ಹೋಗುತ್ತದೆ. ಮತ್ತೆ, ಏನಾದರೂ ಬಿಟ್ಟುಹೋಗಿದೆಯಾ ಅಂತ ಇಷ್ಟು ಲೇಖನದಲ್ಲಿ ಕಣ್ಣಿಂದ ನೋಡುವುದು ಹೇಗೆ?

ಮಣಿಪಾಲ_ಟರ್ಮಿನಲ್

ಟಿಪ್ಪಣಿಗೆ: ಪ್ರತಿ ಲೇಖನದಲ್ಲೂ ಐಡಿಗಳು ಒಂದೇ ಹೆಸರಿನಿಂದ ಶುರುವಾಗುವುದು ಕಾರಣ. ಪ್ಯಾಂಡಾಕ್‌ನ ‘ಐಡಿ-ಪ್ರಿಫಿಕ್ಸ್’ ಆಯ್ಕೆಗೆ ಲೇಖನಕ್ಕೊಂದು ಬೇರೆ ಹೆಸರು ಕೊಡಿ, ಕೊಂಡಿ ಮತ್ತು ಗುರಿ ಎರಡಕ್ಕೂ ಅದೇ ಸೇರಿಕೊಳ್ಳುತ್ತದೆ. ಒಂದೇ ಪುಟವಾದರೆ ‘ಶಿಫ್ಟ್-ಹೆಡಿಂಗ್-ಲೆವೆಲ್-ಬೈ’ 1 ಕೂಡ ಬೇಕು, ಲೇಖನದ ಎಚ್1 ಎಲ್ಲ ಎಚ್2 ಆಗಿ ಕೆಳಗಿಳಿಯಲಿ. ಲೇಖನದ ಹೆಸರು ಎಲ್ಲದರಲ್ಲೂ ಹೆಡಿಂಗ್ 1 ಆಗಿರಬೇಕು, ‘ಟೈಟಲ್’ ಸ್ಟೈಲ್ ಇಲ್ಲಿ ಬೇಡ.

ಕೊಡಿಯಾಲ್_ಕೋಡ್

ಬಿಟ್ಟುಹೋದದ್ದನ್ನು ಹಿಡಿಯಲು: ವರ್ಡ್‌ನಿಂದಲೋ ಲಿಬ್ರೆ ಆಫೀಸಿನಿಂದಲೋ ಅದೇ ಡಾಕ್‌ಎಕ್ಸನ್ನು ಸಾದಾ ಪಠ್ಯವಾಗಿ, ಯುಟಿಎಫ್-8ರಲ್ಲಿ ಸೇವ್ ಮಾಡಿ. ಮುಗಿದ ಎಚ್‌ಟಿಎಂಎಲ್‌ನಿಂದಲೂ ಸಾದಾ ಪಠ್ಯ ತೆಗೆಯಿರಿ. ಎರಡರಲ್ಲೂ ಸ್ಪೇಸು, ಸಾಲು ಮುರಿತ ಒಂದೇ ಥರ ಮಾಡಿ, ಪದಕ್ಕೊಂದು ಸಾಲಾಗಿಸಿ ಡಿಫ್ (ಎರಡು ಫೈಲುಗಳ ವ್ಯತ್ಯಾಸ ತೋರಿಸುವ ಸಲಕರಣೆ) ಹಾಕಿ. ಮೂಲದ ಪಠ್ಯವನ್ನು ಪ್ಯಾಂಡಾಕ್‌ನಿಂದಲೇ ತೆಗೆದರೆ ಪ್ರಯೋಜನ ಇಲ್ಲ, ಅದಕ್ಕೆ ಕಾಣದ್ದು ಎರಡು ಕಡೆಯಲ್ಲೂ ಕಾಣುವುದಿಲ್ಲ. ಹೀಗೆ ಸಿಕ್ಕಿಬೀಳುವುದು ಹೆಚ್ಚಾಗಿ ಟೆಕ್ಸ್ಟ್ ಬಾಕ್ಸಿನೊಳಗಿನ ಮಾತು, ಸ್ಮಾರ್ಟ್‌ಆರ್ಟ್, ಟೈಟಲ್ ಸ್ಟೈಲಿನ ಸಾಲು. ಟೆಕ್ಸ್ಟ್ ಬಾಕ್ಸ್ ಲೇಖನದ ನಡುವೆ ಎಲ್ಲಿಗೆ ಸೇರಬೇಕು ಎನ್ನುವುದನ್ನು ಅಚ್ಚಾದ ಪುಸ್ತಕ ನೋಡಿ ಕೈಯಿಂದಲೇ ಹಾಕಬೇಕು.

ಆಮೇಲೆ ಎಲ್ಲ ಫೈಲುಗಳಲ್ಲಿ ‘ಎಂಎಸ್‌ಒ’, ‘ಸ್ಟೈಲ್=’, ಗಣಕದ ಸಿ ಡ್ರೈವಿಗೆ ಹೋಗುವ ಕೊಂಡಿ, ಸಂಕೇತ 160, ಚುಕ್ಕಿ ವೃತ್ತದ 9676 ಹುಡುಕಿ. ಒಂದೂ ಸಿಗಬಾರದು. 9676 ಸಿಗದಿದ್ದರೂ ವೃತ್ತ ಪರದೆಯ ಮೇಲೆ ಕಾಣಬಹುದು, ಯಾಕೆಂದರೆ ಅದನ್ನು ಬ್ರೌಸರೇ ಬಿಡಿಸುತ್ತದೆ. ಆದ್ದರಿಂದ ಸ್ಪೇಸಿನ ನಂತರ ನೇರ ಸ್ವರಚಿಹ್ನೆ ಬಂದ ಜಾಗಗಳನ್ನು ಬೇರೆಯಾಗಿ ಹುಡುಕಿ. ನುಡಿಯಿಂದ ಬಂದ ಲೇಖನಗಳಲ್ಲಿ ಒಂದೆರಡಾದರೂ ಇದ್ದೇ ಇರುತ್ತವೆ.